ನಾಣ್ಯದ ಹಿಂದಿನ ದನಿ

"ಯಾಕ ನಿಂದರಿಸಿದಿ?" ಎಂದು ಮಜರ್ ಕೇಳಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಕಿವಿಗಳಲ್ಲಿ ಇಯರ್‌ಫೋನ್ ಇದ್ದುದರಿಂದ ತನ್ನ ಮಾತೇ ತನಗೆ ಗೋಡೆಯಾಚೆ ಯಾರೋ ಆಡಿದಂತೆ ಕೇಳಿ, ಅದು ತನ್ನದೆಂದು ತಿಳಿದಾಗ ಅವನು ನಾಚಿ ಬಾಗಿಲ ಕಡೆ ನೋಡಿದ. ಅವನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆ. ಹೊಲಿಗೆ ಬಿಚ್ಚಿಹೋಗಿ ಬೈಂಡಿಂಗಿಗೆ ಕಾದಿರುವ ಪುಸ್ತಕಗಳು, ಸರಸ್ವತಿಯ ಕ್ಯಾಲೆಂಡರು, ಬಿಚ್ಚದೆ ಇಟ್ಟ ಊಟದ ಡಬ್ಬಿ. ಫೋನಿನ ಪರದೆಯ ಮೇಲೆ ಸಣ್ಣ ಗೆರೆ ಕೊನೆಮುಟ್ಟಿ ನಿಂತಿತ್ತು. ಅವನು ಮತ್ತೆ ಒತ್ತಿದ. ಖಣ್ ಎಂದು ನಾಣ್ಯದ ಸದ್ದು. ಅದರ ಬೆನ್ನಿಗೇ ಒಳಮನೆಯಿಂದೆಲ್ಲೋ ಒಬ್ಬ ಹೆಂಗಸು ಪದ್ಯ ಓದುವ ದನಿ. 'ಆತೂಂ ಬೋಲ್ಕೇ ಗಯಾ', ಬರುತ್ತೇನೆಂದು ಹೇಳಿ ಹೋದ, ಎನ್ನುವಲ್ಲಿ ದನಿ ಏರಿ, ಕೊನೆಯ ಅಕ್ಷರವನ್ನು ನೂಲಿನಂತೆ ಎಳೆದು, ಇನ್ನೇನು ಮುಂದಿನ ಸಾಲಿಗೆ ಇಳಿಯಬೇಕು, ಅಷ್ಟರಲ್ಲಿ ರೆಕಾರ್ಡಿಂಗ್ ಮುಗಿಯುತ್ತಿತ್ತು. ಅದನ್ನು ನಿಲ್ಲಿಸಿದ ಬೆರಳು ಅವಳದಲ್ಲ, ಇನ್ನಾರದೋ. ಮಜರ್‌ಗೆ ಅದು ಗೊತ್ತಿತ್ತು. ಆದರೂ ಅವನು ಕೇಳಿದ್ದು ಅವಳನ್ನೇ.

ಆ ರೆಕಾರ್ಡಿಂಗ್ ಕಳಿಸಿದವನು ನಾಣ್ಯ ಮಾರುವವನು. ತನಗೆ 'ಪುರಾನಾ ದಕ್ಕನ್' ಎಂದು ಹೆಸರಿಟ್ಟುಕೊಂಡು ಆನ್‌ಲೈನಿನಲ್ಲಿ ಬಹಮನಿ ಕಾಲದ ಬೆಳ್ಳಿ ಟಂಕಗಳನ್ನು ಮಾರುತ್ತಿದ್ದ. ಅಂಥವರು ಹೆಚ್ಚಿ, ಎರಕ ಹೊಯ್ದ ಖೋಟಾ ನಾಣ್ಯ ಊರೆಲ್ಲ ತುಂಬಿದ ಮೇಲೆ, ಒಬ್ಬೊಬ್ಬರೇ ಮೋಸಹೋಗಿ ಒಬ್ಬೊಬ್ಬರೇ ನಾಚಿಕೊಂಡು ಕೂಡುವುದಕ್ಕಿಂತ ಕೊಳ್ಳುವ ಮೊದಲೇ ಎಲ್ಲರೂ ಸೇರಿ ನೋಡೋಣ ಎಂದು ದತ್ತಪ್ಪ ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದ. ಖರೇ-ಖೋಟಾ ಎಂದು ಅದರ ಹೆಸರು. ಕಲಬುರಗಿ, ಬೀದರ, ಸೊಲ್ಲಾಪುರದ ಕಡೆಯ ನಾಣ್ಯದ ಹುಚ್ಚಿನವರೆಲ್ಲ ಅದರಲ್ಲಿದ್ದರು. ಫೋಟೊ ನೋಡುವುದು ಗೌತಮಿ ಮೇಡಂ ಕೆಲಸ, ತೂಕ ದತ್ತಪ್ಪನದು, ನಾದ ಮಜರ್‌ನದು. ಮಾರುವವನು ನಾಣ್ಯವನ್ನು ಬೆರಳ ತುದಿಯ ಮೇಲೆ ಕೂಡಿಸಿ, ಅಂಚಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ, ಆ ಸದ್ದನ್ನು ಮಜರ್‌ನ ನಂಬರಿಗೆ ಕಳಿಸಬೇಕು. ಅಚ್ಚೊತ್ತಿದ ಹಳೆಯ ಬೆಳ್ಳಿ ತಟ್ಟಿದ ಮೇಲೂ ಹಾಡುತ್ತಲೇ ಇರುತ್ತದೆ. ಎರಕದ್ದು ಬೇಗ ಬಾಯಿ ಮುಚ್ಚುತ್ತದೆ. ಖೋಟಾ ಎಂದಾದರೆ ಫೋಟೊ, ತೂಕ, ನಾದ, ಮಾರುವವನ ಹೆಸರು, ಊರು, ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದಾದ ಪುಟದ ಮೇಲೆ ಹಾಕುವುದು ಗುಂಪಿನ ಕಟ್ಟಳೆ. ಮಜರ್ ಚಲೋ ಅದ ಎಂದರೆ ಯಾರೂ ಮತ್ತೊಬ್ಬರನ್ನು ಕೇಳುತ್ತಿರಲಿಲ್ಲ. ಈ ಪುರಾನಾ ದಕ್ಕನ್ ಮೊದಲ ಸಲ ಕಳಿಸಿದಾಗ ಮಜರ್ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ನಿಂತಿದ್ದ. ಕೇಳಿದ ಕೂಡಲೇ ಒಂದು ಕಂಬಕ್ಕೆ ಒರಗಿ, ಮತ್ತೆ ಒತ್ತಿ ಕೇಳಿದ್ದ. ಆಮೇಲೆ ಬರೆದ: 'ಗಾಳಿ ಸಪ್ಪಳ ಬರಾಕತ್ತದ. ಮತ್ತೊಮ್ಮೆ ಕಳಸ್ರಿ.' ಗಾಳಿಯ ಸಪ್ಪಳ ಇರಲಿಲ್ಲ. ಮಾರುವವನು ಮತ್ತೆ ಕಳಿಸಿದ. ಅದರಲ್ಲಿ ದನಿ ಇನ್ನೂ ಹತ್ತಿರವಿತ್ತು. 'ನಾದ ಉದ್ದ ಅದ, ಚಲೋ ಅದ' ಎಂದು ಮಜರ್ ಗುಂಪಿಗೆ ಬರೆದ. ಆಮೇಲಿನ ನಾಣ್ಯಗಳಿಗೂ ಹಾಗೆಯೇ: ಮೊದಲು ಗಾಳಿ, ಆಮೇಲೆ ಚಲೋ.

ಆ ಓದುವ ಹೆಂಗಸು ತಬಸ್ಸುಮ್, ಅವನ ಹೆಂಡತಿಯಾಗಿದ್ದವಳು. ಶಹಾಬಜಾರದ ಮನೆಯಲ್ಲಿ ಅವನು ನಸುಕಿನ ಫಜರ್ ನಮಾಜು ಮುಗಿಸಿ ಬಂದು ಮತ್ತೆ ಮಗ್ಗಲಾಗಿ ಗೋಡೆಯ ಕಡೆ ಮುಖ ಮಾಡಿದ ಮೇಲೆ ಅವಳ ಓದು ಶುರುವಾಗುತ್ತಿತ್ತು. ಅಕ್ಕಿ ಆರಿಸುತ್ತ, ಚಹಾದ ನೀರು ಕುದಿಯುವುದನ್ನು ಕಾಯುತ್ತ, ಅವಳ ನಾನಿಯಿಂದ, ತಾಯಿಯ ತಾಯಿಯಿಂದ, ಬಂದ ಹಳೆಯ ದಖ್ಖನಿ ಪದ್ಯ: ಬರುತ್ತೇನೆಂದು ಹೇಳಿ ಹೋದ ಮಾಲೀಕನನ್ನು ಮನೆಯ ಹೊಸ್ತಿಲು ಕೇಳುವ ಪ್ರಶ್ನೆಗಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಅವನು ತಿರುಗಿ ಕಣ್ಣುಬಿಟ್ಟಿದ್ದ. ಅವಳು ದುಪಟ್ಟಾದ ಚುಂಗನ್ನು ಬಾಯಿಗಿಟ್ಟುಕೊಂಡು ನಿಲ್ಲಿಸಿಬಿಟ್ಟಳು. ಅಂದಿನಿಂದ ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಮಲಗಿದವನಂತೆ ಉಸಿರಾಡುವುದನ್ನು ಕಲಿತ. ಮಜರ್ ಹುಟ್ಟಿ ಬೆಳೆದ ಮೋಮಿನಪುರದ ಮನೆಯಲ್ಲಿ, ಅವನ ಅಬ್ಬಾ ಗುಲಾಮ್ ರಸೂಲರ ಬೈಠಕ್ಕಿನಲ್ಲಿ, ಗುರುವಾರ ಸಂಜೆ ಪದ್ಯ ಓದುವವರು ಬರುತ್ತಿದ್ದರು. ಬೇರೆ ಕಡೆ ಜನ ವಾಹ್ ಎನ್ನುತ್ತಾರೆ, ತಲೆದೂಗುತ್ತಾರೆ, ಅಬ್ಬಾ ಮಾತ್ರ ಅಂಥವರನ್ನು ಕಣ್ಣಲ್ಲೇ ಗದರಿಸುತ್ತಿದ್ದರು. "ಓದಿದವಗ ಸವಾಬು, ಪುಣ್ಯ, ಕೇಳಿದವಗೂ ಸವಾಬು. ನಡುವ ಬಾಯಿ ಹಾಕಿದವಗ ಏನೂ ಇಲ್ಲ," ಎನ್ನುತ್ತಿದ್ದರು. ಹುಡುಗ ಮಜರ್ ತೊಡೆಯ ಮೇಲೆ ಕೈಯಿಟ್ಟು ಅಲುಗಾಡದೆ ಕೂತು, ಓದು ಮುಗಿದ ಮೇಲೂ ಹಾಗೆಯೇ ಕೂತು, ಹಾಗೆ ಕೂತದ್ದಕ್ಕೆ ಅಬ್ಬಾ ತಲೆ ನೇವರಿಸಿದಾಗ ಆದ ಸುಖವನ್ನು ಮೈಯಲ್ಲಿ ಇಟ್ಟುಕೊಂಡೇ ಬೆಳೆದ. ಹೆಂಡತಿಯ ಓದನ್ನೂ ಅವನು ಆ ತೊಡೆಯ ಮೇಲಿನ ಕೈಗಳಿಂದಲೇ ಕೇಳಿದ್ದು. ಅದು ಇಬಾದತ್ತು, ದೇವರ ಸೇವೆ, ಎಂದುಕೊಂಡಿದ್ದ. ಕೊನೆಗೆ ಹಿರಿಯರು ಕೂತ ದಿನ ಅವಳು ಹೇಳಿದ್ದು ಒಂದೇ ಮಾತು: "ಇಷ್ಟ್ ವರ್ಷ ನಾ ಗೋಡಿ ಕೂಡ ಮಾತಾಡೀನಿ. ಖುಲಾ ಕೊಡಸ್ರಿ." ಹೆಂಡತಿ ತಾನಾಗಿ ಕೇಳುವ ಆ ಬಿಡುಗಡೆಗೆ ಗಂಡನ ಒಪ್ಪಿಗೆ ಬೇಕು. ಕಾಜಿಯವರು ಇವನ ಕಡೆ ತಿರುಗಿ ನೀವೇನಂತೀರಿ ಎಂದರು. ಅವನ ಬಾಯಲ್ಲಿ ಮಾತುಗಳು ಬಹಳವಿದ್ದವು. ಯಾವುದನ್ನು ಮೊದಲು ಎತ್ತಿಡಬೇಕೆಂದು ತಿಳಿಯದೆ ತಲೆ ತಗ್ಗಿಸಿದ. ಅದನ್ನೇ ಒಪ್ಪಿಗೆ ಎಂದು ತಿಳಿದರು. ಚಹಾ ಬಂತು. ಯಾರೋ ಅವನ ಚಹಾದ ಬಸಿಯಲ್ಲಿ ಬಿಸ್ಕೀಟು ಇಟ್ಟರು.

"ಏನ್ರಿ ಕಿವಿ ಸಾಹೇಬ್ರ, ಡಬ್ಬಿ ಇನ್ನಾ ಬಿಚ್ಚಿಲ್ಲ? ಊಟಾನೂ ಕಿವಿಲಿಂದ ಮಾಡ್ತೀರೇನು?"

ಬಾಗಿಲಲ್ಲಿ ದತ್ತಪ್ಪ ನಿಂತಿದ್ದ. ವಿದ್ಯುತ್ ಕಚೇರಿಯಿಂದ ನಿವೃತ್ತನಾಗಿ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದವನು, ಬಿಸಿಲಲ್ಲಿ ಸ್ಕೂಟರ್ ಓಡಿಸಿ ಬಂದು ಮುಖವೆಲ್ಲ ಕೆಂಪಾಗಿತ್ತು. ಅವನ ಹಿಂದೆ, ಗ್ರಂಥಾಲಯಕ್ಕೆ ಬಂದೆನೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಖಂಡೆಪ್ಪ. ಶಹಾಬಜಾರದಲ್ಲಿ ಬಟ್ಟೆ ಅಂಗಡಿ ಅವನದು. ಪುರಾನಾ ದಕ್ಕನ್‌ನಿಂದ ಮೊದಲು ಟಂಕ ಕೊಂಡವನು ಅವನೇ. ಮಜರ್ ಇಯರ್‌ಫೋನನ್ನು ಕಿತ್ತು ಫೋನನ್ನು ಮಗುಚಿ ಹಾಕಿದ. ಹಾಗೆ ಮಗುಚಿದ್ದನ್ನು ಇಬ್ಬರೂ ನೋಡಿದರೆಂದು ಅವನಿಗೆ ಅನ್ನಿಸಿತು. ನೋಡಿರಲಿಲ್ಲ.

"ಚಪ್ಪಲಿ ಕೆಳಗ ಇಡೋ ಮಾರಾಯಾ, ಇದು ಗುಡಿ ಅಲ್ಲ," ಎಂದ ದತ್ತಪ್ಪ. ಆಮೇಲೆ ದನಿ ತಗ್ಗಿಸಿ, "ಸಾಹೇಬ್ರ, ಒಂದ್ ತ್ರಾಸ ಆಗ್ಯದ. ಗೌತಮಿ ಮೇಡಂ ಇವಂದು ನಾಣ್ಯ, ಸೊಲ್ಲಾಪುರದಾವ ಒಬ್ಬ ತೊಗೊಂಡಿದ್ದು, ಎರಡೂ ಫೋಟೊ ಬಾಜೂಬಾಜೂಕ ಇಟ್ಟು ನೋಡ್ಯಾರ. ಎರಡರದೂ ಅಂಚಿನಾಗ ಒಂದs ಜಾಗಾದಾಗ ಒಂದs ಕಚ್ಚು. ಅಕ್ಷರದ ಮ್ಯಾಲ ಒಂದs ಗೀರು. ಅವಳಿ ಜವಳಿ ಕೂಸಿಗೂ ಮಚ್ಚಿ ಒಂದs ಕಡಿ ಇರಂಗಿಲ್ಲ ನೋಡ್ರಿ. ಒಂದು ಖರೇ ನಾಣ್ಯ ಇಟ್ಕೊಂಡು ಅದರ ಎರಕಾ ತಗದು ಮಾರಾಕತ್ಯಾನ ಸೂಳೇಮಗ."

"ಮೇಡಂ ಏನರ ಹೇಳ್ಲಿ, ನಾ ನಂಬಂಗಿಲ್ಲ," ಎಂದ ಖಂಡೆಪ್ಪ. "ಫೋಟೊ ಸುಳ್ಳು ಹೇಳ್ತದ. ನನ್ನ ಲಗ್ನದ ಫೋಟೊದಾಗ ನಾ ಚಂದ ಕಾಣ್ತೀನಿ. ಸಾಹೇಬ್ರು ಚಲೋ ಅದ ಅಂದಾರಂದ್ರ ಮುಗೀತು. ಅದಕ್ಕ ತಂದೀನಿ, ನೀವs ಮತ್ತೊಮ್ಮಿ ಕೇಳ್ರಿ, ಇವರ ಬಾಯಿ ಮುಚ್ಚಿಸ್ರಿ." ಅಂಗಿಯ ಕಿಸೆಯಿಂದ ಅರಿವೆಯ ಗಂಟು ತೆಗೆದು ಬಿಚ್ಚಿದ. ತನ್ನದೇ ಅಂಗಡಿಯ ಜರಿಯಂಚಿನ ತುಣುಕು. ಅದರೊಳಗೆ ಟಂಕ, ಹಸುಗೂಸಿನಂತೆ. ಅವನು ಅದನ್ನು ತೋರುಬೆರಳ ತುದಿಯ ಮೇಲೆ ಕೂಡಿಸುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದಿದ್ದ. ಮೇಜಿನ ಮೇಲಿನ ಪೆನ್ಸಿಲು ತೆಗೆದುಕೊಂಡು ತಟ್ಟಿದ.

ಖಣ್ ಎಂದಿತು. ಅಷ್ಟೇ.

ಮಜರ್ ಕಾದ. ಆ ಖಣ್ ಆದ ಮೇಲೆ ಬರಬೇಕಾದದ್ದಕ್ಕೆ ಅವನ ಮೈಯೆಲ್ಲ ಮುಂದಕ್ಕೆ ಬಾಗಿತ್ತು. ರೆಕಾರ್ಡಿಂಗಿನಲ್ಲಿ ಅದು ಪ್ರತಿ ಸಲವೂ ಬಂದಿತ್ತು: ತಟ್ಟಿದ ಸದ್ದಿನಿಂದ ಹುಟ್ಟಿ, ತೆಳ್ಳಗಾಗಿ, ಮೇಲಕ್ಕೆ ಹೋಗಿ, ಇನ್ನು ಮುಗಿಯಿತು ಎನ್ನುವಾಗಲೂ ಮುಗಿಯದೆ ನಿಲ್ಲುವ ಆ ಎಳೆ. ಈಗ ಇಲ್ಲಿ ಫ್ಯಾನಿನ ಕಿರುಗುಟ್ಟುವಿಕೆ ಇತ್ತು, ಹೊರಗಿನ ಸಭಾಂಗಣದಲ್ಲಿ ಯಾರೋ ಕುರ್ಚಿ ಎಳೆದರು. "ಮತ್ತೊಮ್ಮಿ," ಎಂದ. ಖಂಡೆಪ್ಪ ಮತ್ತೆ ತಟ್ಟಿ, ಪರೀಕ್ಷೆಯ ಫಲ ಕಾಯುವ ಹುಡುಗನಂತೆ ಇವನ ಮುಖ ನೋಡಿದ. ಖಣ್. ಕುಂಬಾರನ ಒಡಕು ಗಡಿಗೆಯೂ ಇದಕ್ಕಿಂತ ಹೆಚ್ಚು ಹೊತ್ತು ಮಾತಾಡುತ್ತದೆ. ಆಗ ಅವನಿಗೆ ತಿಳಿಯಿತು: ತಾನು ನಾಣ್ಯದ ನಾದವೆಂದು ಕೇಳಿದ್ದು ಅವಳ ಉಸಿರು. 'ಗಯಾ' ಎನ್ನುವಲ್ಲಿ ಅವಳು ಎಳೆದ ಆ ಅಕ್ಷರ ನಾಣ್ಯ ಬಾಯಿ ಮುಚ್ಚಿದ ಜಾಗದಲ್ಲೇ ಎದ್ದು, ಅದೇ ಎತ್ತರದಲ್ಲಿ ನಿಂತು, ಬೆಳ್ಳಿ ಹಾಡಬೇಕಾದಷ್ಟು ಹೊತ್ತು ಹಾಡಿತ್ತು. ಅವನ ಕಿವಿ ಎರಡನ್ನೂ ಬೇರೆ ಮಾಡಲಿಲ್ಲ. ಮಾಡಲು ಅದಕ್ಕೆ ಮನಸ್ಸಿರಲಿಲ್ಲ.

"ಖೋಟಾ ಅದ," ಎಂದ.

ಖಂಡೆಪ್ಪನ ಬೆರಳಿನಿಂದ ನಾಣ್ಯ ಮೇಜಿಗೆ ಬಿತ್ತು. ಅವನು ಅದನ್ನು ಎತ್ತಿ ಮಗುಚಿ ನೋಡಿದ. ಥಟ್ಟನೆ ಅವನ ಮುಖ ಬೆಳಗಿತು. "ನೋಡಿದ್ರೇನು ಹಲ್ಕಟ್ ಕೆಲಸ! ನಿಮಗ ಖರೇ ನಾಣ್ಯ ಬಾರಿಸಿ ಕೇಳಿಸ್ಯಾನ, ನನಗ ಖೋಟಾ ಕಳಿಸ್ಯಾನ! ಅದಕ್ಕs ಅವತ್ತ ನಾದ ಉದ್ದ ಇತ್ತು. ನಾ ಹೇಳ್ಳಿಲ್ಲೇನು ದತ್ತಪ್ಪಾ, ಸಾಹೇಬ್ರ ಕಿವಿ ತಪ್ಪಂಗಿಲ್ಲಂತ?"

ಅಲ್ಲ ಎನ್ನಬೇಕಿತ್ತು. ಮೋಸಹೋದ ಮನುಷ್ಯ ತನ್ನ ನಷ್ಟ ಮರೆತು ಇವನ ಮರ್ಯಾದೆ ಉಳಿಸಲು ಒಂದು ಕತೆ ಕಟ್ಟಿ ಕೈಗೆ ಕೊಡುತ್ತಿದ್ದ, ಜರಿಯ ಅರಿವೆಯಲ್ಲಿ ಸುತ್ತಿ. ಮಜರ್ ತಲೆ ತಗ್ಗಿಸಿದ. ಅದನ್ನು ಹೌದೆಂದು ತಿಳಿದರು.

"ಹಂಗಾರ ಆ ರೆಕಾರ್ಡಿಂಗ್ ಕಳಸ್ರಿ," ಎಂದ ದತ್ತಪ್ಪ. "ಅದೂ ಇದೂ ಎರಡೂ ಸಾಲಿಗಿ ಹಾಕೋಣ, ಜನಾ ಕೇಳ್ಲಿ. ಆದ್ರ ಅವ ಯಾರು, ಯಾವೂರಾವ, ಅದೊಂದು ಸಿಗವಲ್ದು. ಊರು ಹೆಸರು ಇಲ್ದ ಹಾಕಿದ್ರ ನಾಳಿ ಬ್ಯಾರೆ ಹೆಸರಿಲೆ ಬರ್ತಾನ. ಬೀದರದಾಗ ಒಬ್ಬರು ಮಾಸ್ತರು ಇವತ್ತs ತೊಗೊಳಾವ್ರು ಇದ್ದಾರಂತ. ನಿಮ್ಮ ಮಾತಿಗಿ ಕಾಯಾಕತ್ತಾರ."

"ಸಂಜಿತನ ತಡೀರಿ," ಎಂದ ಮಜರ್. "ಊರು ಗೊತ್ತು ಮಾಡ್ಕೊಂಡು ಬರ್ತೀನಿ." ಅವನು ಥಟ್ಟನೆ ಎದ್ದದ್ದನ್ನು ದತ್ತಪ್ಪ ಸಿಟ್ಟೆಂದು ತಿಳಿದು ಹೆಗಲು ತಟ್ಟಿದ.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರು ಗೊತ್ತು ಮಾಡಿಕೊಳ್ಳುವುದೇನಿತ್ತು? ಆ ದನಿ ಇರುವ ಮನೆ ಅವನಿಗೆ ಗೊತ್ತು. ಖುಲಾ ಆದ ಮೇಲೆ ಅವಳು ಕಮಲಾಪುರದಲ್ಲಿ ತಮ್ಮ ನೋಮಾನ್‌ನ ಮನೆಯಲ್ಲಿದ್ದಳು. ಬೀಗರ ಮನೆ ಎಂದು ತಾನು ಎಷ್ಟು ಈದ್‌ಗಳಲ್ಲಿ ಹೋಗಿ ಕೂತಿದ್ದನೋ ಅದೇ ಮನೆ, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ನೀಲಿ ಬಾಗಿಲು. ಮೊದಲ ರೆಕಾರ್ಡಿಂಗ್ ಬಂದ ದಿನವೇ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಿಡದೆ ಇದ್ದದ್ದು ಯಾಕೆಂದು ತನ್ನನ್ನೇ ಕೇಳಿಕೊಂಡರೆ ಉತ್ತರ ಸುಲಭವಾಗಿತ್ತು, ನಾಚಿಕೆಗೇಡಾಗಿತ್ತು: ಊರು ಹೇಳಿದರೆ ನಾಣ್ಯ ಬರುವುದು ನಿಲ್ಲುತ್ತದೆ. ನಾಣ್ಯ ನಿಂತರೆ ದನಿ ನಿಲ್ಲುತ್ತದೆ. ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಂತು ಕಡಲೆಕಾಯಿ ಮಾರುವವರು ಹತ್ತಿದರು. ಮುಂದಿನ ಸೀಟಿನ ಹೆಂಗಸು ಫೋನಿನಲ್ಲಿ ಯಾರಿಗೋ, "ಹೂಂ ಅನ್ನು, ಹೂಂ ಅಂದ್ರ ಸಾಕು, ಕೇಳಾಕತ್ತೀ ಅಂತ ಗೊತ್ತಾಗ್ತದ," ಎನ್ನುತ್ತಿದ್ದಳು. ಅವನು ಫೋನು ತೆಗೆದು ಎಚ್ಚರಿಕೆಯ ಮಾತು ಬರೆಯಲು ಕೂತ. 'ಪುರಾನಾ ದಕ್ಕನ್ ಎಂಬ ಹೆಸರಿನಲ್ಲಿ ಮಾರುವ ಟಂಕಗಳು ಎರಕದವು' ಎಂದು ಬರೆದ. ಮುಂದೆ ಖಂಡೆಪ್ಪನ ಕತೆಯನ್ನು ಬರೆದ: ಮಾರುವವನು ಬೇರೆ ನಾಣ್ಯ ಬಾರಿಸಿ ಮೋಸ ಮಾಡಿದ್ದಾನೆ. ಓದಿದ. ಚೆನ್ನಾಗಿತ್ತು. ಎಲ್ಲರೂ ನಂಬುತ್ತಾರೆ. ಅಳಿಸಿದ. ಮತ್ತೆ ಬರೆದ. ಹೊರಗೆ ನೆಲ ಕಪ್ಪಿನಿಂದ ಕೆಂಪಿಗೆ ತಿರುಗುತ್ತಿತ್ತು. ಮದುವೆಯ ನಂತರ ಮೊದಲ ಸಲ ಈ ದಾರಿಯಲ್ಲಿ ಬಂದಾಗ ಅವಳು ಕಿಟಕಿಯ ಕಡೆ ಕೂತಿದ್ದಳು. ನೆಲ ಬಣ್ಣ ಬದಲಿಸುವ ಜಾಗದಲ್ಲಿ ಅವನ ತೋಳು ಮುಟ್ಟಿ ತೋರಿಸಿದ್ದಳು, ನೋಡ್ರಿ, ಇಲ್ಲಿಂದ ನಮ್ಮೂರು. ಅವನು ನೋಡಿದ್ದ. ನೋಡಿದೆ ಎಂದು ಹೇಳಿರಲಿಲ್ಲ. ಮುಟ್ಟಿದ ಜಾಗ ಊರು ಬರುವತನಕ ಬೆಚ್ಚಗಿತ್ತು. ಅದನ್ನೂ ಹೇಳಿರಲಿಲ್ಲ.

ಕಮಲಾಪುರದಲ್ಲಿ ತಳ್ಳುಗಾಡಿಗಳ ಮೇಲೆ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವನ ಕಾಲು ತಾನಾಗಿ ಗಾಡಿಯ ಮುಂದೆ ನಿಂತಿತು. ಅವರು ಈಗ ಬೀಗರಲ್ಲ ಎಂದು ನೆನಪಾಗಿ ಮುಂದೆ ನಡೆದ. ನೀಲಿ ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ನೋಮಾನ್ ಬಾಗಿಲು ತೆರೆದು, ಒಂದು ಗಳಿಗೆ ನೋಡಿ, ಬಾಯ್ತುಂಬ ನಕ್ಕು, ಇನ್ನೂ ತನ್ನ ಭಾವನೇ ಎಂಬಂತೆ ಕರೆದ.

"ದುಲ್ಲೇಭಾಯ್! ಬರ್ರಿ ಬರ್ರಿ. ಅರೇ, ಹಳೇ ರಿಶ್ತಾ ಹಳೇ ನಾಣ್ಯ ಇದ್ದಂಗ, ಎಂದೂ ಕಿಮ್ಮತ್ತು ಕಡಿಮಿ ಆಗಂಗಿಲ್ಲ." ಬೈಠಕ್ಕಿನಲ್ಲಿ ಕೂಡಿಸಿ, ಫ್ಯಾನು ಹಾಕಿ, ಒಳಗಿನ ಬಾಗಿಲ ಪರದೆಯ ಕಡೆ ಅಕ್ಕನನ್ನು ಕೂಗಿದ, "ಆಪಾ, ಚಾ!" ಯಾರು ಬಂದಿದ್ದಾರೆಂದು ಹೇಳಲಿಲ್ಲ. ಪರದೆಯ ಹಿಂದೆ ಪಾತ್ರೆಯ ಸದ್ದು ನಿಂತಿತು.

"ಟಂಕ ನೀ ಎರಕಾ ಹೊಯ್ಯಾಕತ್ತೀ," ಎಂದ ಮಜರ್.

"ನಾ ಎಲ್ಲಿ ಹೊಯ್ಲಿ, ನನಗ ಒಲಿ ಹಚ್ಚಾಕ ಬರಂಗಿಲ್ಲ. ಹೊಯ್ಯಾವ ಬ್ಯಾರೆ, ನಾ ಬರೇ ಮಾರಾವ. ಮತ್ತ ಚಲೋ ಅದ ಅಂತ ಬರದಾವ್ರು ಯಾರು? ನೀವs ಅಲ್ಲೇನು?" ನೋಮಾನ್ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ನಿಮ್ಮ ನಂಬರ್ ಬದಲಾಗಿಲ್ಲ ದುಲ್ಲೇಭಾಯ್. ಆಪಾನ ದನಿ ಅದರಾಗ ಬರ್ತದಂತ ಮೊದಲ್ನೇ ಸಲ ಖರೇನs ನನಗ ಗೊತ್ತಿದ್ದಿಲ್ಲ, ಅಡಗಿಮನ್ಯಾಗ ಗದ್ದಲ ಕಡಿಮಿ ಅಂತ ಅಲ್ಲಿ ಬಾರಿಸಿದೆ. ನೀವು ಗಾಳಿ ಗಾಳಿ ಅಂತ ಮತ್ತ ಕೇಳಿದ್ರಲ್ಲ, ಆವಾಗ ತಿಳೀತು ಯಾವ ಗಾಳಿ ಅಂತ. ಅಲ್ಲಿಂದ ಆಪಾ ಓದಾಕ ಸುರು ಮಾಡೋತನ ನಾ ಕಾಯ್ತಿದ್ದೆ. ತಪ್ಪೇನದ? ನಿಮಗೂ ಖುಷಿ, ನನಗೂ ಖುಷಿ. ಬೀದರ ಮಾಸ್ತರಿಗಿ ಒಂದ್ ಮಾತು ಬರದು ಬಿಡ್ರಿ. ಮುಂಜಾನಿ ಮುಂಜಾನಿ ಕಳಸ್ತೀನಿ. ನಾಣ್ಯ ಇರ್ಲಿ ಬಿಡ್ಲಿ, ಕಳಸ್ತೀನಿ."

ಮುಂಜಾನೆ ಮುಂಜಾನೆ. ಮಜರ್‌ನ ಎದೆಯಲ್ಲಿ ಏನೋ ಆ ಮಾತಿನ ಕಡೆಗೆ ಎದ್ದು ನಡೆಯಿತು, ಮನೆಯ ಬಾಗಿಲು ಕಂಡ ಮಗುವಿನಂತೆ, ಅವನ ಅಪ್ಪಣೆ ಕೇಳದೆ. ಒಂದು ಸಾಲು ಬರೆದರೆ ಸಾಕು. ಬೀದರದ ಮಾಸ್ತರರನ್ನು ಅವನು ನೋಡಿಲ್ಲ, ನೋಡುವುದೂ ಇಲ್ಲ. ಆದರೆ ಖಂಡೆಪ್ಪನ ನಾಲಿಗೆ, ಹಲ್ಲಿನ ನಡುವೆ ಹಿಡಿದದ್ದು, ಕಣ್ಣಿಗೆ ಕಟ್ಟಿತು. ಆ ನಾಲಿಗೆಯೇ ಆಮೇಲೆ ಇವನಿಗಾಗಿ ಸುಳ್ಳು ಕತೆ ಹೊಸೆದಿತ್ತು. ಅವನು ಫೋನು ತೆಗೆದು ಬರೆದ. 'ಮಾರುವವನು ನೋಮಾನ್, ಊರು ಕಮಲಾಪುರ. ಈ ನಾಣ್ಯಗಳನ್ನು ಚಲೋ ಎಂದದ್ದು ನಾನು. ಅವನು ಬೇರೆ ನಾಣ್ಯ ಬಾರಿಸಲಿಲ್ಲ. ನಾನು ನಾಣ್ಯ ಕೇಳಲಿಲ್ಲ. ಯಾರೂ ಕೊಳ್ಳಬೇಡಿ.' ಗುಂಪಿನ ಪುಟದ ಮೇಲೆ ಹಾಕಿದ. ನೋಮಾನ್‌ನ ಫೋನೂ ಕೂಡಲೇ ಕುಂಯ್ ಎಂದಿತು. ಗುಂಪಿನ ಪುಟ ಅವನೂ ನೋಡುತ್ತಿದ್ದನೆಂದು ಕಾಣುತ್ತದೆ. ಓದಿ ಅವನ ನಗೆ ನಿಧಾನವಾಗಿ ಇಳಿಯಿತು. "ನಿಮಗ ಕಿವಿ ಅಷ್ಟs ಅದ, ಬಾಯಿಲ್ಲ ಅಂದ್ಕೊಂಡಿದ್ದೆ," ಎಂದು ಎದ್ದವನು ಚಪ್ಪಲಿ ಮೆಟ್ಟಿ, ಬಾಗಿಲನ್ನು ಗೋಡೆಗೆ ಬಡಿದು ಹೊರಗೆ ಹೋದ. ಓಣಿಯಲ್ಲಿ ಅವನು ಯಾರಿಗೋ ಫೋನಿನಲ್ಲಿ ಕಿರುಚುವುದು ದೂರವಾಗುತ್ತ ಹೋಯಿತು. ಮಜರ್‌ನ ಕೈಯಲ್ಲಿ ಫೋನು ಬೆಳಗಿತು. ದತ್ತಪ್ಪ ಬರೆದಿದ್ದ: 'ಇದೇನ್ರಿ ಸಾಹೇಬ್ರ?' ಅದರ ಕೆಳಗೆ, ಸ್ವಲ್ಪ ಹೊತ್ತಿನ ಮೇಲೆ: 'ನಾದ ಹಾಕಿಲ್ಲಲ್ಲ. ಅದೂ ಹಾಕಬೇಕು.' ಖಂಡೆಪ್ಪ ಏನೂ ಬರೆದಿರಲಿಲ್ಲ.

"ಏನದು, ಮುಂಜಾನಿ ಮುಂಜಾನಿ ಕಳಸೋದು?"

ಪರದೆಯ ಹಿಂದಿನಿಂದ. ಪದ್ಯದ ದನಿಯಲ್ಲ, ಮಾತಿನ ದನಿ. ಅದರಲ್ಲಿ ಸ್ವಲ್ಪ ಒರಟಿತ್ತು, ನೆಗಡಿಯಾದವರಂತೆ. ಪರದೆಯ ಕೆಳಗೆ ಎರಡು ಪಾದಗಳು ಕಂಡವು, ಅವನು ಕಣ್ಣು ಬೇರೆ ಕಡೆ ಹೊರಳಿಸಿದ. ಈಗ ಅವಳು ಪರಾಯಿ, ಹೊರಗಿನ ಹೆಂಗಸು. ನೀನು ಎನ್ನುವ ಹಕ್ಕು ಹೋಗಿತ್ತು, ನೀವು ಎನ್ನಲು ಬಾಯಿ ಬರಲಿಲ್ಲ. ಅವರಿಬ್ಬರ ಮಾತು ಮೊದಲಿನಿಂದಲೂ ಅರ್ಧ ದಖ್ಖನಿ, ಅರ್ಧ ಕನ್ನಡ. ಎರಡರಲ್ಲೂ ಅವನು ದಾರಿ ಹುಡುಕಿದ.

"ನಾಣ್ಯದ ಸದ್ದು ಕಳಿಸ್ತಿದ್ದ. ಅದರ ಹಿಂದ... ಓದೋದು ಕೇಳಸ್ತಿತ್ತು."

"ನಾ ಓದೋದು?"

"ಹೂಂ."

"ಎಷ್ಟ್ ಮಂದಿ ಕೇಳ್ಯಾರ?"

"ನಾ ಒಬ್ಬನs. ಬ್ಯಾರೆ ಯಾರಿಗೂ ಹೋಗಿಲ್ಲ. ಈಗ ಹಾಕ್ರಿ ಅನ್ನಾಕತ್ತಾರ. ಹಾಕಂಗಿಲ್ಲ."

ಚಹಾ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು, ಪಾದಗಳು ಕದಲಲಿಲ್ಲ. "ಗಾಳಿ ಅಂತ ಮತ್ತ ಮತ್ತ ಕೇಳಿದ್ರಿ ಅಂದ," ಎಂದಳು ಕೊನೆಗೆ. "ನಮ್ಮ ತಮ್ಮ ಕಳ್ಳ, ಅವಗ ಖೋಟಾ ನಾಣ್ಯದ ಚಟ. ನಿಮಗ ಕದ್ದು ಕೇಳೋ ಚಟ. ಶಹಾಬಜಾರದಾಗೂ ಅದs ಮಾಡಿದ್ರಿ. ನೀವು ಮಲಗಿಲ್ಲಂತ ನನಗ ಗೊತ್ತಿದ್ದಿಲ್ಲ ಅಂದ್ಕೊಂಡ್ರೇನು? ಮಲಗಿದವರ ಉಸಿರು ಹಂಗ ಇರಂಗಿಲ್ಲ. ನಾನೂ ಕೇಳ್ತಿದ್ದೆ ನಿಮ್ಮ ಉಸಿರು. ಈಗ ತಿರುಗ್ತಾರ, ಈಗ ಏನರ ಅಂತಾರ ಅಂತ ಒಂದೊಂದು ಸಾಲು ಎಳೀತಿದ್ದೆ. ಚಲೋ ಅದ ಅಂತ ಒಂದ್ ಮಾತು. ನನಗ ಅನ್ನಲಿಲ್ಲ, ನಾಣ್ಯಕ್ಕ ಅಂದ್ರಿ."

ಅವನ ತೊಡೆಯ ಮೇಲೆ ಎರಡೂ ಕೈಗಳಿದ್ದವು, ಅಬ್ಬಾ ಕಲಿಸಿದಂತೆ. ಎಳೆಯುತ್ತಿದ್ದುದು ಅದಕ್ಕೋ? ಆ ನೂಲು, ಪದ್ಯದ ಅಂದವೆಂದು ಅವನು ಎದೆಯಲ್ಲಿ ಸುತ್ತಿಟ್ಟುಕೊಂಡದ್ದು, ತನ್ನ ಕಡೆಗೆ ಚಾಚಿದ ಕೈಯಾಗಿತ್ತೋ? ಹಾಗಿದ್ದರೆ ಈಗ, ಇಷ್ಟು ವರ್ಷಗಳ ಮೇಲೆ, ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಅವಳು ಯಾರಿಗಾಗಿ ಎಳೆಯುತ್ತಿದ್ದಳು? ಕೇಳಲು ತುಟಿ ತೆರೆದ. ಪರದೆ ಅಲುಗಿತು.

"ಆ ರೆಕಾರ್ಡಿಂಗ್ ನಿಮ್ಮ ಫೋನಿನಾಗ ಅವ?"

"ಅವ."

"ಎಲ್ಲಾನೂ?"

"ಎಲ್ಲಾನೂ."

"ಅಳಸ್ರಿ," ಎಂದಳು ತಬಸ್ಸುಮ್. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವಿತ್ತು. ಮನೆಗೆ ಬಂದ ಹಿರಿಯರನ್ನು ಬೇಡಿಕೊಳ್ಳುವಾಗ ಇರುವಂಥ ಮರ್ಯಾದೆಯೂ ಇತ್ತು. "ನಾ ಯಾರಿಗಿ ಓದ್ತೀನಿ ಅದು ಅವಗ ಗೊತ್ತದ, ಮ್ಯಾಲಿನವಗ. ನಿಮ್ಮ ಕಿಸೇದಾಗ ಅದು ಇರೋದು ಬ್ಯಾಡ. ನಾ ಜೀವನದಾಗ ನಿಮಗ ಒಂದೂ ಕೇಳಿಲ್ಲ. ಖುಲಾನೂ ಹಿರಿಯರನ್ನs ಕೇಳಿದ್ದು. ಇದೊಂದು ಕೇಳ್ತೀನಿ. ಇಲ್ಲೇ, ನಾ ನಿಂತಿರೂತನ, ಅಳಸ್ರಿ."

ಅವಳು ಕೇಳಿದ್ದು ಸರಿ ಇತ್ತು. ಅದು ಸರಿ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕಾಜಿಯವರು ಇದ್ದರೆ ಅದನ್ನೇ ಹೇಳುತ್ತಿದ್ದರು, ಅಬ್ಬಾ ಇದ್ದರೆ ಹೇಳುವ ಮೊದಲೇ ಫೋನು ಕಸಿದುಕೊಳ್ಳುತ್ತಿದ್ದರು. ಮುಂಜಾನೆಗಳು ಕಣ್ಣ ಮುಂದೆ ಬಂದವು: ಮಸೀದಿಯಿಂದ ಬಂದು, ಗೋಡೆಯ ಕಡೆ ಮುಖ ಮಾಡಿ, ಶಹಾಬಜಾರದ ಆ ಮನೆಯಲ್ಲಿ ಅಕ್ಕಿ ಆರಿಸುವ ಸದ್ದಿಲ್ಲ, ನೀರು ಕುದಿಯುವ ಸದ್ದಿಲ್ಲ, ಅಕ್ಕಪಕ್ಕದವರ ನಲ್ಲಿ ಮಾತ್ರ. ಬೆರಳು ಫೋನಿನ ಮೇಲೆ ಹೋಗಿತ್ತು. ಒಂದರ ಕೆಳಗೊಂದು ಆ ಸಣ್ಣ ಗೆರೆಗಳು. ತಲೆ ತಗ್ಗಿಸಿ ಸುಮ್ಮನೆ ಕೂತರೆ ಅವಳು ಎಂದಿನಂತೆ ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾಳೆ, ಒಳಗೆ ಹೋಗುತ್ತಾಳೆ, ತಾನು ಅವುಗಳನ್ನು ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಬಹುದು. ಅದು ಅವನಿಗೆ ಬರುವ ವಿದ್ಯೆ. ಪರದೆಯ ಆಚೆ ಅವಳ ಉಸಿರು ಕೇಳುತ್ತಿತ್ತು. ಅವಳು ಕಾಯುತ್ತಿದ್ದಳು, ಆಗಿನಂತೆಯೇ, ಅವನ ಒಂದು ಮಾತಿಗೆ. ಅವನು ತಲೆಯೆತ್ತಿ, ಪರದೆಯನ್ನು ನೇರವಾಗಿ ನೋಡಿದ.

"ಇಲ್ಲ, ತಬಸ್ಸುಮ್," ಎಂದ ಮಜರ್, ಗಟ್ಟಿಯಾಗಿ. "ಅಳಸಂಗಿಲ್ಲ."